ಬೆಂಜಮಿನ್ ಚ್ಯೂ ಟಿಲ್ಗ್‌ಮನ್

ಬೆಂಜಮಿನ್ ಚ್ಯೂ ಟಿಲ್ಗ್‌ಮನ್ (ಅಕ್ಟೋಬರ್ 26, 1821 – ಜುಲೈ 3, 1901) ಅಮೆರಿಕ ಸಂಯುಕ್ತ ಸಂಸ್ಥಾನದ ಸೇನಾಧಿಕಾರಿ ಮತ್ತು ಸಂಶೋಧಕರು. ರಭಸದಿಂದ ಚಿಮ್ಮುವ ಮರಳಿನ ಧಾರೆಯಿಂದ ಕಲ್ಲು, ಗಾಜು ಮತ್ತು ಲೋಹಗಳನ್ನು ಕೊರೆಯುವ, ಶುಚಿಗೊಳಿಸುವ ವಿಧಾನವನ್ನು ರೂಪಿಸಿ 1870ರಲ್ಲಿ ಅದಕ್ಕೆ ಪೇಟೆಂಟ್ ಪಡೆದವರು. ಈ ವಿಧಾನವೇ ಇಂದು ಸ್ಯಾಂಡ್‌ಬ್ಲಾಸ್ಟಿಂಗ್ ಎಂಬ ಹೆಸರಿನಿಂದ ಪ್ರಪಂಚದಾದ್ಯಂತ ಬಳಕೆಯಲ್ಲಿದೆ. ಮರದಿಂದ ಕಾಗದದ ತಿರುಳನ್ನು ತೆಗೆಯುವ ಸಲ್ಫೈಟ್ ವಿಧಾನದ ಮೂಲಪುರುಷರಲ್ಲಿಯೂ ಇವರು ಒಬ್ಬರು. ಅಮೆರಿಕದ ಅಂತರ್ಯುದ್ಧದಲ್ಲಿ ಒಕ್ಕೂಟದ ಪಕ್ಷದಲ್ಲಿ ಹೋರಾಡಿ, ಕಪ್ಪು ಜನರ ಸೇನಾದಳವೊಂದರ ನಾಯಕತ್ವ ವಹಿಸಿದ್ದರು.

ಹಳೆಯ ಟ್ರ್ಯಾಕ್ಟರಿನ ತುಕ್ಕು ಹಿಡಿದ ಭಾಗಗಳನ್ನು ಮನೆಯಂಗಳದಲ್ಲಿಯೇ ಮರಳೂದಿ ಶುಚಿ ಮಾಡಬಹುದೇ, ಅಥವಾ ಕಸುಬುದಾರರಿಗೆ ಒಪ್ಪಿಸಬೇಕೇ ಎಂದು ಇಂದು ಯೋಚಿಸುವವರು ತಿಳಿಯದೆಯೇ ಟಿಲ್ಗ್‌ಮನ್ ಅವರ ಸಂಶೋಧನೆಯ ಬಳಿಗೆ ಬಂದು ನಿಲ್ಲುತ್ತಾರೆ. ಆ ಸಂಶೋಧನೆಯ ಲಾಭ ಮತ್ತು ಅಪಾಯ ಎರಡೂ ಅದರ ಹುಟ್ಟಿನಲ್ಲಿಯೇ ಅಡಗಿದ್ದವು.

ಆರಂಭಿಕ ಜೀವನ

ಟಿಲ್ಗ್‌ಮನ್ ಪೆನ್ಸಿಲ್ವೇನಿಯ ರಾಜ್ಯದ ಫಿಲಡೆಲ್ಫಿಯ ನಗರದ ಪ್ರತಿಷ್ಠಿತ ಕುಟುಂಬದಲ್ಲಿ ಜನಿಸಿದರು. ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಿಂದ 1839ರಲ್ಲಿ ಪದವಿ ಪಡೆದು ಕಾನೂನನ್ನು ಅಭ್ಯಾಸ ಮಾಡಿದರಾದರೂ ವಕೀಲಿ ವೃತ್ತಿಯನ್ನು ಕೈಗೊಳ್ಳಲಿಲ್ಲ. ಅವರ ಮನಸ್ಸು ನ್ಯಾಯಾಲಯಕ್ಕಿಂತ ಪ್ರಯೋಗಶಾಲೆಯ ಕಡೆಗೇ ಹರಿಯಿತು.

ಈ ಒಲವಿನಲ್ಲಿ ಅವರಿಗೆ ಜೊತೆಯಾದವರು ತಮ್ಮ ರಿಚರ್ಡ್ ಆಲ್ಬರ್ಟ್ ಟಿಲ್ಗ್‌ಮನ್. ರಿಚರ್ಡ್ ಒಳ್ಳೆಯ ರಸಾಯನಶಾಸ್ತ್ರಜ್ಞರು; ಕೊಬ್ಬನ್ನು ಅಧಿಕ ಶಾಖ ಮತ್ತು ಒತ್ತಡದಲ್ಲಿ ಬರಿಯ ನೀರಿನಿಂದಲೇ ಒಡೆದು ಗ್ಲಿಸರಿನ್ ಮತ್ತು ಕೊಬ್ಬಿನಾಮ್ಲಗಳನ್ನು ಬೇರ್ಪಡಿಸುವ ವಿಧಾನಕ್ಕೆ 1854ರಲ್ಲಿ ಪೇಟೆಂಟ್ ಪಡೆದಿದ್ದರು. ಮೇಣದಬತ್ತಿ ಮತ್ತು ಸಾಬೂನಿನ ಉದ್ಯಮಗಳಿಗೆ ಇದು ಮಹತ್ವದ ಕೊಡುಗೆಯಾಯಿತು. ಅಣ್ಣತಮ್ಮಂದಿರು ಯುರೋಪಿನಲ್ಲಿ ಸಂಚರಿಸಿ ಅಲ್ಲಿನ ಪ್ರಯೋಗಶಾಲೆಗಳನ್ನೂ ಗಿರಣಿಗಳನ್ನೂ ಕಣ್ಣಾರೆ ಕಂಡು ಬಂದರು. ಬೆಂಜಮಿನ್ ಅವರ ಮುಂದಿನ ಕೆಲಸಗಳಲ್ಲೆಲ್ಲ ಶಾಖ, ಆವಿ, ಒತ್ತಡ ಎಂಬ ಈ ಮೂರು ಸಂಗತಿಗಳೇ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ.

ಅಂತರ್ಯುದ್ಧದಲ್ಲಿ

1861ರಲ್ಲಿ ಅಂತರ್ಯುದ್ಧ ಆರಂಭವಾದಾಗ ಟಿಲ್ಗ್‌ಮನ್ ಅವರಿಗೆ ನಲವತ್ತು ತುಂಬುವುದರಲ್ಲಿತ್ತು. ಆ ವಯಸ್ಸಿನಲ್ಲಿ ಮನೆಯಲ್ಲಿ ಉಳಿದಿದ್ದರೂ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಅವರು 26ನೆಯ ಪೆನ್ಸಿಲ್ವೇನಿಯ ಪದಾತಿ ದಳವನ್ನು ಕ್ಯಾಪ್ಟನ್ ಆಗಿ ಸೇರಿ, ಕರ್ನಲ್ ಪದವಿಗೆ ಏರಿದರು. 1863ರ ಮೇ 3ರಂದು ವರ್ಜೀನಿಯದ ಚಾನ್ಸೆಲರ್ಸ್‌ವಿಲ್ ಯುದ್ಧದಲ್ಲಿ ಅವರ ತೊಡೆಗೆ ಗಾಯವಾಯಿತು.

ಗಾಯದಿಂದ ಚೇತರಿಸಿಕೊಂಡ ಮೇಲೆ ಅವರು ವಹಿಸಿಕೊಂಡದ್ದು 3ನೆಯ ಸಂಯುಕ್ತ ಸಂಸ್ಥಾನ ಕಪ್ಪು ಪದಾತಿ ದಳದ ನಾಯಕತ್ವವನ್ನು. ಫಿಲಡೆಲ್ಫಿಯದ ಸಮೀಪ ಕಪ್ಪು ಸೈನಿಕರ ತರಬೇತಿಗಾಗಿ ತೆರೆಯಲಾದ ವಿಲಿಯಂ ಪೆನ್ ಶಿಬಿರದಲ್ಲಿ ಮೊದಲು ಸಿದ್ಧಗೊಂಡ ದಳ ಇದೇ. ಅಧಿಕಾರಿಗಳೆಲ್ಲ ಬಿಳಿಯರು, ಸಿಪಾಯಿಗಳೆಲ್ಲ ಕಪ್ಪು ಜನರು. ಬಿಳಿಯ ಸಿಪಾಯಿಗೆ ತಿಂಗಳಿಗೆ 13 ಡಾಲರ್ ಸಂಬಳ ದೊರೆಯುತ್ತಿದ್ದರೆ ಕಪ್ಪು ಸಿಪಾಯಿಗೆ 10 ಡಾಲರ್. ಅದರಲ್ಲಿಯೂ 3 ಡಾಲರ್ ಉಡುಪಿನ ಬಾಬ್ತು ಕಡಿತವಾಗುತ್ತಿತ್ತು. ಈ ತಾರತಮ್ಯವನ್ನು ಸರಿಪಡಿಸುವ ಶಾಸನ ಬಂದದ್ದು 1864ರ ಜೂನ್‌ನಲ್ಲಿ.

ದಳವು ದಕ್ಷಿಣ ಕೆರೊಲಿನದ ಮಾರಿಸ್ ದ್ವೀಪಕ್ಕೆ ಹೋಗಿ ವ್ಯಾಗ್ನರ್ ಕೋಟೆಯ ಮುತ್ತಿಗೆಯಲ್ಲಿ ಪಾಲ್ಗೊಂಡಿತು. ಆ ದ್ವೀಪವೇ ಒಂದು ಮರಳಿನ ದಿಣ್ಣೆ. ಗುಂಡಿನ ಸುರಿಮಳೆಯ ನಡುವೆ ಮರಳಿನಲ್ಲಿ ಕಂದಕಗಳನ್ನು ತೋಡುವುದೇ ಸಿಪಾಯಿಗಳ ಮುಖ್ಯ ಕೆಲಸವಾಗಿತ್ತು. ಕೋಟೆ 1863ರ ಸೆಪ್ಟೆಂಬರ್‌ನಲ್ಲಿ ವಶವಾಯಿತು. ಆನಂತರ ದಳವನ್ನು ಫ್ಲಾರಿಡಕ್ಕೆ ಕಳುಹಿಸಲಾಯಿತು. ಯುದ್ಧ ಮುಗಿಯುವ ವೇಳೆಗೆ, 1865ರ ಏಪ್ರಿಲ್‌ನಲ್ಲಿ, ಟಿಲ್ಗ್‌ಮನ್ ಅವರಿಗೆ ಬ್ರಿಗೇಡಿಯರ್ ಜನರಲ್ ಎಂಬ ಗೌರವ ಪದವಿ ದೊರೆಯಿತು.

ಕಾಗದದ ತಿರುಳು

ಮರದ ನಾರುಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವ ಲಿಗ್ನಿನ್ ಎಂಬ ಪದಾರ್ಥವನ್ನು ಗಂಧಕಾಮ್ಲ ವರ್ಗದ ದ್ರಾವಣದಲ್ಲಿ ಕುದಿಸಿ ಕರಗಿಸಿದರೆ, ಶುದ್ಧವಾದ ತಿರುಳು ಉಳಿಯುತ್ತದೆ. ಕ್ಯಾಲ್ಸಿಯಂ ಬೈಸಲ್ಫೈಟ್ ಬಳಸಿ ಹೀಗೆ ತಿರುಳು ತೆಗೆಯುವ ವಿಧಾನಕ್ಕೆ ಟಿಲ್ಗ್‌ಮನ್ 1867ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. ರಸಾಯನಶಾಸ್ತ್ರ ಸರಿಯಾಗಿಯೇ ಇತ್ತು, ಆದರೆ ಪಾತ್ರೆಗಳು ತಾಳಲಿಲ್ಲ. ಬಿಸಿಯಾದ ಆಮ್ಲ ಒತ್ತಡದಲ್ಲಿ ಸೋರತೊಡಗಿತು. ಅವರು ಆ ಕೆಲಸವನ್ನು ಕೈಬಿಟ್ಟರು. ವಾಣಿಜ್ಯ ಪ್ರಮಾಣದ ಮೊದಲ ಸಲ್ಫೈಟ್ ಗಿರಣಿ 1874ರಲ್ಲಿ ಸ್ವೀಡನ್ನಿನಲ್ಲಿ, ಕಾರ್ಲ್ ಡೇನಿಯಲ್ ಎಕ್ಮನ್ ಅವರ ಪ್ರಯತ್ನದಿಂದ ಆರಂಭವಾಯಿತು.

ಮರಳಿನ ಧಾರೆ

ಮರುಭೂಮಿಯಲ್ಲಿ ಗಾಳಿಗೆ ಹಾರಿದ ಮರಳು ಕಿಟಕಿಯ ಗಾಜನ್ನು ಮಂಕುಗೊಳಿಸಿದ್ದನ್ನು ಕಂಡು ಟಿಲ್ಗ್‌ಮನ್ ಅವರಿಗೆ ಈ ಕಲ್ಪನೆ ಹೊಳೆಯಿತೆಂಬ ಕಥೆ ಪ್ರಚಾರದಲ್ಲಿದೆ. ಗಾಳಿ ವರ್ಷಗಟ್ಟಲೆ ಮಾಡುವ ಕೆಲಸವನ್ನು ಕ್ಷಣಗಳಲ್ಲಿ ಮಾಡಿಸುವುದು ಹೇಗೆ ಎಂಬುದು ಪ್ರಶ್ನೆ. ಅವರ ಉತ್ತರ ಸರಳವಾಗಿತ್ತು: ಆವಿ, ಗಾಳಿ ಅಥವಾ ನೀರಿನ ಧಾರೆಯೊಳಕ್ಕೆ ಮರಳನ್ನು ಬಿಟ್ಟು, ಕಿರಿದಾದ ಮೂತಿಯ ಮೂಲಕ ವಸ್ತುವಿನ ಮೇಲೆ ಚಿಮ್ಮಿಸುವುದು. 1870ರಲ್ಲಿ ಮೊದಲು ಇಂಗ್ಲೆಂಡಿನಲ್ಲಿಯೂ ಅಕ್ಟೋಬರ್ 18ರಂದು ಅಮೆರಿಕದಲ್ಲಿಯೂ (ಪೇಟೆಂಟ್ ಸಂಖ್ಯೆ 108,408) ಇದರ ಹಕ್ಕನ್ನು ಪಡೆದರು.

ಈ ಧಾರೆಯ ಎರಡು ಗುಣಗಳು ಅಂದಿನವರನ್ನು ಬೆರಗುಗೊಳಿಸಿದವು. ಮೊದಲನೆಯದು, ಮೃದುವಾದದ್ದು ಗಡಸಾದದ್ದನ್ನು ಕೊರೆಯಬಲ್ಲದು ಎಂಬುದು. ಬೆಣಚುಕಲ್ಲಿನ ಮರಳಿಗಿಂತ ಕುರುವಿಂದದ ಕಲ್ಲು ಎಷ್ಟೋ ಗಡಸು. ಆದರೂ ಅಧಿಕ ಒತ್ತಡದ ಆವಿಯಿಂದ ತಳ್ಳಲ್ಪಟ್ಟ ಮರಳು ಕುರುವಿಂದದ ಬಿಲ್ಲೆಯನ್ನು ತೂತು ಮಾಡಿತು. ಎರಡನೆಯದು ಇದಕ್ಕಿಂತ ವಿಚಿತ್ರ: ಗಾಜನ್ನೂ ಅಮೃತಶಿಲೆಯನ್ನೂ ತಿನ್ನುವ ಧಾರೆ ರಬ್ಬರು, ಕಾಗದ, ಕಸೂತಿಯ ಬಟ್ಟೆಗಳನ್ನು ಸುಲಭವಾಗಿ ತಿನ್ನದು. ಮರಳಿನ ಕಣ ಬಿರುಸಾದ ವಸ್ತುವಿಗೆ ಬಡಿದಾಗ ಅದರ ಮೇಲ್ಮೈ ಚೂರುಚೂರಾಗಿ ಒಡೆಯುತ್ತದೆ. ಬಾಗಿ ಹಿಂದೆ ಸರಿಯುವ ವಸ್ತುವಿನ ಮೇಲೆ ಕಣ ಪುಟಿದು ಬೀಳುತ್ತದೆ. ಹೀಗಾಗಿ ಗಾಜಿನ ಮೇಲೆ ಒಂದು ಕಸೂತಿಯ ತುಂಡನ್ನು ಹರಡಿ ಮರಳೂದಿದರೆ, ಬಟ್ಟೆಯ ಹೂಬಳ್ಳಿಯೆಲ್ಲ ಗಾಜಿನ ಮೇಲೆ ಮೂಡುತ್ತದೆ. ಇಂದು ಟ್ರ್ಯಾಕ್ಟರಿನ ಬೇರಿಂಗ್ ಕೂರುವ ನುಣುಪಾದ ಭಾಗಕ್ಕೆ ರಬ್ಬರಿನ ಬಿರಡೆ ಬಿಗಿದು ಉಳಿದ ಭಾಗವನ್ನು ಮಾತ್ರ ಶುಚಿಗೊಳಿಸುವುದು ಇದೇ ಗುಣವನ್ನು ನೆಚ್ಚಿಕೊಂಡು.

ಗಾಜಿನ ಅಲಂಕಾರ, ಸವೆದ ಅರಗಳನ್ನು ಮತ್ತೆ ಹರಿತಗೊಳಿಸುವುದು, ಎರಕದ ಲೋಹಕ್ಕೆ ಅಂಟಿದ ಸುಟ್ಟ ಮರಳನ್ನು ಕಳಚುವುದು ಹೀಗೆ ಅದರ ಉಪಯೋಗಗಳು ಬೇಗನೆ ಬೆಳೆದವು. ಇವುಗಳಲ್ಲಿ ಟಿಲ್ಗ್‌ಮನ್ ಅವರ ಬಾಳಿಗೆ ಅತ್ಯಂತ ಹತ್ತಿರವಾದದ್ದು ಸಮಾಧಿಶಿಲೆಗಳ ಕೆಲಸ. ಅಂತರ್ಯುದ್ಧದಲ್ಲಿ ಮಡಿದ ಸೈನಿಕರ ಗೋರಿಗಳಿಗೆ ಅಲ್ಲಿಯವರೆಗೆ ಬಹುಮಟ್ಟಿಗೆ ಮರದ ಹಲಗೆಗಳೇ ಗುರುತಾಗಿದ್ದವು. ಅವು ಕೊಳೆತು ಹೋಗುತ್ತಿದ್ದವು. 1873ರಲ್ಲಿ ಅವುಗಳ ಬದಲು ಬಿಳಿಯ ಅಮೃತಶಿಲೆಯ ಗುರುತುಗಳನ್ನು ನೆಡಲು ಸರ್ಕಾರ ಏರ್ಪಾಡು ಮಾಡಿತು. ಲಕ್ಷಾಂತರ ಹೆಸರುಗಳನ್ನು ಉಳಿ ಸುತ್ತಿಗೆಯಿಂದ ಕೆತ್ತಿ ಮುಗಿಸುವುದು ಆಗದ ಮಾತು. ವರ್ಮಾಂಟ್ ರಾಜ್ಯದ ಕಲ್ಲುಗಣಿಯವರು ಎರಕದ ಕಬ್ಬಿಣದ ಅಕ್ಷರಗಳನ್ನು ಕಲ್ಲಿನ ಮೇಲೆ ಜೋಡಿಸಿ ಮರಳೂದಿದರು. ಸುತ್ತಲಿನ ಕಲ್ಲು ಸವೆದು, ಗುರಾಣಿಯಾಕಾರದ ತಗ್ಗಿನೊಳಗೆ ಹೆಸರು ಉಬ್ಬಿ ನಿಂತಿತು. ಹೀಗೆ ಟಿಲ್ಗ್‌ಮನ್ ಅವರೊಡನೆ ಯುದ್ಧ ಮಾಡಿದ ಪೀಳಿಗೆಯ ಹೆಸರುಗಳು ಅವರದೇ ಸಂಶೋಧನೆಯಿಂದ ಕಲ್ಲಿಗೇರಿದವು.

ಕಬ್ಬಿಣದ ಕಾಳು

ಮರಳಿನ ಧಾರೆಯ ವಿಷಯದಲ್ಲಿ ಟಿಲ್ಗ್‌ಮನ್ ಹಿಂದಿನಂತೆ ಅರ್ಧಕ್ಕೆ ಬಿಡಲಿಲ್ಲ. ಇಂಗ್ಲೆಂಡಿನಲ್ಲಿ ಅವರ ಹೆಸರಿನ ಸಂಸ್ಥೆ ಸ್ಥಾಪನೆಯಾಗಿ, ಮ್ಯಾಂಚೆಸ್ಟರಿನ ಬಳಿಯ ಆಲ್‌ಟ್ರಿಂಚಂ ಪಟ್ಟಣದ ಬ್ರಾಡ್‌ಹೀತ್‌ನಲ್ಲಿ ದೀರ್ಘಕಾಲ ಯಂತ್ರಗಳನ್ನು ತಯಾರಿಸಿತು. ಇದೇ ಅವಧಿಯಲ್ಲಿ ಅವರು ಕಬ್ಬಿಣವನ್ನು ಕರಗಿಸಿ ಹನಿಹನಿಯಾಗಿ ಸಿಡಿಸಿ, ತಟ್ಟನೆ ತಣಿಸಿ, ಸಾಸಿವೆಯಂತಹ ಗಡಸು ಕಾಳುಗಳನ್ನು ತಯಾರಿಸುವ ಕ್ರಮವನ್ನೂ ಬಳಕೆಗೆ ತಂದರು. ಮೊದಲು ಇವು ಕಲ್ಲನ್ನು ಗರಗಸದಿಂದ ಕೊಯ್ಯುವಾಗ ಹಲ್ಲಿನ ಕೆಳಗೆ ಸುರಿಯಲು ಉಪಯೋಗವಾದವು.

ಈ ಚಿಕ್ಕ ಸಂಗತಿಯನ್ನು ಮರೆಯಬಾರದು. ಮರಳು ಬಡಿದಾಗ ಒಡೆದು ಹಿಟ್ಟಾಗುತ್ತದೆ, ಕಬ್ಬಿಣದ ಕಾಳು ಸುಲಭವಾಗಿ ಒಡೆಯದು, ಮತ್ತೆ ಮತ್ತೆ ಬಳಸಬಹುದು. ಮರಳಿನ ಬದಲು ಬಳಸಬಹುದಾದ ವಸ್ತು ಸಂಶೋಧಕರ ಕೈಯಲ್ಲಿಯೇ ಇತ್ತು. ಆದರೆ ಮರಳು ಅಗ್ಗ, ಎಲ್ಲೆಲ್ಲಿಯೂ ಸಿಗುವಂಥದು. ಆದ್ದರಿಂದ ಇನ್ನೂ ಎರಡು ಮೂರು ತಲೆಮಾರು ಮರಳೇ ನಡೆಯಿತು.

ಟಿಲ್ಗ್‌ಮನ್ 1901ರ ಜುಲೈ 3ರಂದು ಫಿಲಡೆಲ್ಫಿಯದಲ್ಲಿ ನಿಧನರಾದರು.

ದೂಳಿನ ಬೆಲೆ

ಮರಳು ಎಂದರೆ ಬಹುಪಾಲು ಸಿಲಿಕ. ರಭಸದಿಂದ ಬಡಿದ ಮರಳಿನ ಕಣ ಒಡೆದಾಗ ಏಳುವ ದೂಳಿನಲ್ಲಿ ಕಣ್ಣಿಗೆ ಕಾಣುವ ಭಾಗ ಬೇಗ ನೆಲಕ್ಕಿಳಿಯುತ್ತದೆ. ಕಾಣದ ಭಾಗ ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಅಲ್ಲಿ ಅದು ಕರಗುವುದಿಲ್ಲ, ಹೊರಬರುವುದೂ ಇಲ್ಲ. ಸುತ್ತಲೂ ಗಾಯದ ಕಲೆಯಂತಹ ಗಟ್ಟಿ ಅಂಗಾಂಶ ಬೆಳೆದು ಉಸಿರಾಟ ಕ್ರಮೇಣ ಕುಗ್ಗುತ್ತದೆ. ಇದೇ ಸಿಲಿಕೋಸಿಸ್. ಇದನ್ನು ಗುಣಪಡಿಸುವ ಔಷಧ ಇಲ್ಲ. ಕ್ಷಯರೋಗ ತಗಲುವ ಸಂಭವವೂ ಹೆಚ್ಚು. ಗಣಿಯ ಕೆಲಸದಲ್ಲಿ ಸಾಮಾನ್ಯವಾಗಿ ದಶಕಗಳ ನಂತರ ಕಾಣಿಸಿಕೊಳ್ಳುವ ಈ ರೋಗ, ಮರಳೂದುವವರಲ್ಲಿ ಕೆಲವೇ ವರ್ಷಗಳಲ್ಲಿ, ಕೆಲವೊಮ್ಮೆ ತಿಂಗಳುಗಳಲ್ಲಿಯೇ ಕಾಣಿಸಿಕೊಂಡದ್ದುಂಟು.

ಕನ್ನಡ ನಾಡಿಗೆ ಈ ರೋಗ ಹೊಸದಲ್ಲ. ಭಾರತದಲ್ಲಿ ಸಿಲಿಕೋಸಿಸ್ ಕುರಿತ ಮೊದಲ ದೊಡ್ಡ ಅಧ್ಯಯನ ನಡೆದದ್ದು ಅಂದಿನ ಮೈಸೂರು ಸಂಸ್ಥಾನದ ಕೋಲಾರದ ಚಿನ್ನದ ಗಣಿಗಳಲ್ಲಿ. 1947ರಲ್ಲಿ ಹೊರಬಂದ ಅದರ ಫಲಿತಾಂಶದಂತೆ, ಪರೀಕ್ಷೆಗೆ ಒಳಗಾದ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರಲ್ಲಿ ಶೇಕಡ 40ಕ್ಕಿಂತ ಹೆಚ್ಚು ಮಂದಿಗೆ ಈ ರೋಗವಿತ್ತು.

ಬ್ರಿಟನ್ 1949ರ ನಿಯಮಗಳ ಮೂಲಕ ಕಾರ್ಖಾನೆಗಳಲ್ಲಿ ಎರಕದ ವಸ್ತುಗಳನ್ನು ಮರಳೂದಿ ಶುಚಿಗೊಳಿಸುವುದನ್ನು ನಿಷೇಧಿಸಿತು. ಟಿಲ್ಗ್‌ಮನ್ ಅವರ ಸ್ವಂತ ದೇಶದಲ್ಲಿ ಔದ್ಯೋಗಿಕ ಆರೋಗ್ಯದ ಸಂಶೋಧನಾ ಸಂಸ್ಥೆ 1974ರಲ್ಲಿ ಇಂತಹ ನಿಷೇಧವನ್ನು ಶಿಫಾರಸು ಮಾಡಿತು. ಜೀನ್ಸ್ ಬಟ್ಟೆಗೆ ಹಳತರ ಮೆರುಗು ಕೊಡಲು ಮರಳೂದುತ್ತಿದ್ದ ಯುವಕರಲ್ಲಿ ರೋಗ ಹಬ್ಬಿದ ಮೇಲೆ ಟರ್ಕಿ 2009ರಲ್ಲಿ ಆ ಪದ್ಧತಿಯನ್ನು ನಿಲ್ಲಿಸಿತು. ಭಾರತದ 1948ರ ಕಾರ್ಖಾನೆಗಳ ಅಧಿನಿಯಮದಲ್ಲಿ ಸಿಲಿಕೋಸಿಸ್ ಅಧಿಕಾರಿಗಳಿಗೆ ವರದಿ ಮಾಡಲೇಬೇಕಾದ ರೋಗವಾಗಿತ್ತು. ಒತ್ತಡದ ಗಾಳಿಯಿಂದ ಮರಳು ಅಥವಾ ಲೋಹದ ಕಾಳು ಊದುವ ಕೆಲಸ ಅದೇ ಅಧಿನಿಯಮದ 87ನೆಯ ಸೆಕ್ಷನ್ನಿನ ಅಡಿಯ ನಿಯಮಗಳಲ್ಲಿ ಅಪಾಯಕಾರಿ ಕಾರ್ಯಗಳ ಸಾಲಿಗೆ ಸೇರಿತ್ತು. ಆದರೆ ಈ ರಕ್ಷಣೆಯೆಲ್ಲ ಕಾರ್ಖಾನೆಯ ಗೋಡೆಯೊಳಗಿನದು. ಮನೆಯ ಹಿತ್ತಲು ಕಾರ್ಖಾನೆಯಲ್ಲ, ಅಲ್ಲಿಗೆ ಯಾವ ತಪಾಸಣಾಧಿಕಾರಿಯೂ ಬರುವುದಿಲ್ಲ.

ಮನೆಯ ಹಿತ್ತಲಿನಲ್ಲಿ ಮತ್ತು ಕಸುಬುದಾರರಲ್ಲಿ

ಮೈಸೂರು ಹಳೆಯ ಯಂತ್ರಗಳ ಮೇಲೆ ಮಮತೆಯುಳ್ಳ ಊರು. ಇಲ್ಲಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಜಾವಾ ಮತ್ತು ಯೆಜ್ಡಿ ಮೋಟಾರ್‌ಸೈಕಲ್ಲುಗಳನ್ನು ಇಂದಿಗೂ ಜತನದಿಂದ ಕಾಪಾಡುವವರಿದ್ದಾರೆ. 1979ರಿಂದ ಇಲ್ಲಿ ರೈಲ್ವೆ ವಸ್ತುಸಂಗ್ರಹಾಲಯವೂ ಇದೆ. ಸುತ್ತಲಿನ ಹಳ್ಳಿಗಳಲ್ಲಿ ತಂದೆಯ ಕಾಲದ ಎಚ್‌ಎಂಟಿ, ಮ್ಯಾಸಿ ಫರ್ಗುಸನ್ ಟ್ರ್ಯಾಕ್ಟರುಗಳನ್ನು ಗುಜರಿಗೆ ಹಾಕಲು ಮನಸ್ಸಿಲ್ಲದೆ ಮತ್ತೆ ಸಜ್ಜುಗೊಳಿಸುವವರಿಗೂ ಕೊರತೆಯಿಲ್ಲ. ಅವರ ಮುಂದಿನ ಪ್ರಶ್ನೆ ಸಾಮಾನ್ಯವಾಗಿ ಖರ್ಚಿನದು. ಒಂದು ಕಂಪ್ರೆಸರ್, ಒಂದು ಊದುಗೊಳವೆ, ಒಂದು ಚೀಲ ಮರಳು ಇದ್ದರೆ ಸಾಕಲ್ಲವೇ ಎಂದು ತೋರುತ್ತದೆ.

ಮೊದಲ ತೊಡಕು ಗಾಳಿಯದು. 3 ಮಿಲಿಮೀಟರ್ ಮೂತಿಯ ಗೊಳವೆ 100 ಪೌಂಡ್ ಒತ್ತಡದಲ್ಲಿ ನಿಮಿಷಕ್ಕೆ ಸುಮಾರು 20 ಘನ ಅಡಿ ಗಾಳಿಯನ್ನು ನುಂಗುತ್ತದೆ. 6 ಮಿಲಿಮೀಟರ್ ಮೂತಿ ಸುಮಾರು 80 ಘನ ಅಡಿಯನ್ನು. ಕಂಪ್ರೆಸರ್ ಒಂದು ಅಶ್ವಶಕ್ತಿಗೆ ಕೊಡುವ ಗಾಳಿ ಹೆಚ್ಚುಕಡಿಮೆ 4 ಘನ ಅಡಿ. ಪಂಕ್ಚರ್ ಅಂಗಡಿಯ ಸಣ್ಣ ಕಂಪ್ರೆಸರಿನಿಂದ ಟ್ರ್ಯಾಕ್ಟರಿನ ಚಕ್ರದ ರಿಮ್ಮನ್ನು ಶುಚಿ ಮಾಡಹೊರಟರೆ ಊದುವುದಕ್ಕಿಂತ ಕಾಯುವುದೇ ಹೆಚ್ಚಾಗುತ್ತದೆ.

ಎರಡನೆಯದು ಮರಳಿನದೇ. ಹೊಳೆಯ ಮರಳಾಗಲಿ, ಕಲ್ಲು ಪುಡಿ ಮಾಡಿದ ಎಂ-ಸ್ಯಾಂಡ್ ಆಗಲಿ, ಎರಡರಲ್ಲಿಯೂ ಸಿಲಿಕ ಇದೆ. ಹಳೆಯ ಬಣ್ಣದಲ್ಲಿ ಸೀಸವಿದ್ದರೆ ಅದೂ ದೂಳಿನೊಡನೆ ಏಳುತ್ತದೆ. ಮೂಗಿಗೆ ಕಟ್ಟಿದ ಟವೆಲ್ ಇದನ್ನು ತಡೆಯದು. ಕಸುಬುದಾರರ ಪದ್ಧತಿಯಲ್ಲಿ ಬೇರೆಡೆಯ ಶುದ್ಧ ಗಾಳಿಯನ್ನು ಕೊಳವೆಯ ಮೂಲಕ ಪಡೆಯುವ ಶಿರಸ್ತ್ರಾಣ, ದೂಳು ಹೀರುವ ಮುಚ್ಚಿದ ಕೋಣೆ, ಗಾರ್ನೆಟ್ ಅಥವಾ ಉಕ್ಕಿನ ಕಾಳು ಇರಬೇಕು. ಇವಿಲ್ಲದೆ ಬಯಲಿನಲ್ಲಿ ಮರಳೂದುವ ಅಂಗಡಿಗೆ ಕೆಲಸ ಒಪ್ಪಿಸಿದರೆ ಅಪಾಯ ತಪ್ಪಿದಂತಲ್ಲ, ಅಲ್ಲಿ ಗೊಳವೆ ಹಿಡಿದ ಹುಡುಗನ ಎದೆಗೆ ವರ್ಗಾಯಿಸಿದಂತೆ. ದರ ಕೇಳುವ ಮೊದಲು ಆ ಹುಡುಗ ಏನು ಧರಿಸಿದ್ದಾನೆ ಎಂದು ನೋಡುವುದು ಒಳ್ಳೆಯದು.

ಎಲ್ಲ ಭಾಗಗಳಿಗೂ ಈ ಚಿಕಿತ್ಸೆ ಹೊಂದುವುದಿಲ್ಲ. ಎರಕದ ಕಬ್ಬಿಣದ ಆಕ್ಸಲ್ ಪೆಟ್ಟಿಗೆ, ಚಕ್ರದ ರಿಮ್, ಎಳೆಕೊಂಡಿ ಇವು ರಭಸವನ್ನು ತಾಳುತ್ತವೆ. ಬಾನೆಟ್ ಮತ್ತು ಮಡ್‌ಗಾರ್ಡಿನ ತೆಳು ತಗಡು ಅದೇ ಒತ್ತಡದಲ್ಲಿ ಹಪ್ಪಳದಂತೆ ಸೊಟ್ಟಗಾಗುತ್ತದೆ. ಒಮ್ಮೆ ಸೊಟ್ಟಗಾದರೆ ಅದನ್ನು ನೇರ್ಪಡಿಸುವುದು ಬಹಳ ಕಷ್ಟ. ಬೇರಿಂಗ್, ಹೈಡ್ರಾಲಿಕ್ ಪಂಪ್, ಎಣ್ಣೆ ಹರಿಯುವ ನಾಳಗಳುಳ್ಳ ಎಂಜಿನ್ ಭಾಗಗಳ ಬಳಿ ಧಾರೆ ಸುಳಿಯಲೇಬಾರದು. ಒಂದು ಚಿಟಿಕೆ ಮರಳು ಎಣ್ಣೆಯ ನಾಳದಲ್ಲಿ ಉಳಿದರೆ, ಹೊಸ ಬಣ್ಣ ಹಚ್ಚಿಕೊಂಡು ಹೊರಟ ಎಂಜಿನ್ ಮೊದಲ ಉಳುಮೆಯಲ್ಲಿಯೇ ಕೆಟ್ಟು ನಿಲ್ಲಬಹುದು.

ಮನೆಯಲ್ಲಿ ಮಾಡಬಹುದಾದ ಕೆಲಸ ಕಡಿಮೆಯೇನಲ್ಲ. ಬಿಚ್ಚುವುದು, ಗುರುತು ಹಾಕಿ ಜೋಡಿಸಿಡುವುದು, ಸೀಮೆಎಣ್ಣೆಯಿಂದ ಜಿಡ್ಡು ತೆಗೆಯುವುದು, ತಂತಿ ಬ್ರಷ್ ಮತ್ತು ಉಪ್ಪುಕಾಗದದಿಂದ ತಗಡುಗಳನ್ನು ಉಜ್ಜುವುದು ಇವುಗಳಿಗೆ ಯಾರ ಹಂಗೂ ಬೇಡ; ಸೀಸದ ಬಣ್ಣವಿರಬಹುದಾದಲ್ಲಿ ಮಾತ್ರ ತೇವಗೊಳಿಸಿ ಉಜ್ಜಬೇಕು. ಸಣ್ಣ ಕಬ್ಬಿಣದ ಭಾಗಗಳನ್ನು ವಾಷಿಂಗ್ ಸೋಡಾ ಬೆರೆಸಿದ ನೀರಿನಲ್ಲಿ ಮುಳುಗಿಸಿ, ಬ್ಯಾಟರಿ ಚಾರ್ಜರಿನ ಋಣ ತಂತಿಯನ್ನು ಭಾಗಕ್ಕೂ ಧನ ತಂತಿಯನ್ನು ಒಂದು ಗುಜರಿ ಕಬ್ಬಿಣದ ಪಟ್ಟಿಗೂ ಜೋಡಿಸಿ ರಾತ್ರಿಯೆಲ್ಲ ಬಿಟ್ಟರೆ ತುಕ್ಕು ತಾನಾಗಿ ಸಡಿಲವಾಗುತ್ತದೆ. ಆ ಪಟ್ಟಿ ಸ್ಟೇನ್‌ಲೆಸ್ ಸ್ಟೀಲಿನದಾಗಿರಬಾರದು, ಅದರಿಂದ ವಿಷಕಾರಿ ಕ್ರೋಮಿಯಂ ನೀರಿಗಿಳಿಯುತ್ತದೆ. ಜಲಜನಕ ಹೊಮ್ಮುವುದರಿಂದ ಬಯಲಿನಲ್ಲಿಯೇ ಇಡಬೇಕು. ಈ ಕ್ರಮದಲ್ಲಿ ದೂಳೇ ಏಳುವುದಿಲ್ಲ. ಉಳಿದ ದೊಡ್ಡ ಎರಕದ ಭಾಗಗಳನ್ನು ಒಟ್ಟುಗೂಡಿಸಿ ಒಂದೇ ಸಲ ಕಸುಬುದಾರರಿಗೆ ಕೊಂಡೊಯ್ದರೆ ಸಾಗಣೆಯ ಖರ್ಚೂ ಉಳಿಯುತ್ತದೆ.

ಹಾಗೆ ಶುಚಿಗೊಂಡು ಬಂದ ಲೋಹ ಬೂದುಬಣ್ಣಕ್ಕೆ ತಿರುಗಿ ಬೆತ್ತಲಾಗಿರುತ್ತದೆ. ಬರಿಗೈಯಿಂದ ಮುಟ್ಟಿದ ಬೆವರಿನ ಗುರುತು ಕೂಡ ಅದರ ಮೇಲೆ ತುಕ್ಕಾಗಿ ಮೂಡುತ್ತದೆ. ಆಷಾಢದ ಜಡಿಮಳೆಯ ದಿನಗಳಲ್ಲಿ ಮೈಸೂರಿನ ತೇವದ ಗಾಳಿಗೆ ಒಂದು ರಾತ್ರಿ ಬಿಟ್ಟರೆ ಬೆಳಗಾಗುವುದರೊಳಗೆ ಕೆಂಪು ಹಿಡಿಯಬಹುದು. ಆದ್ದರಿಂದ ಪ್ರೈಮರನ್ನು ಅದೇ ದಿನ, ಸಾಧ್ಯವಾದರೆ ಅಂಗಡಿಯಲ್ಲಿಯೇ ಹಚ್ಚಿಸಿಕೊಂಡು ತರುವುದು ವಾಡಿಕೆ.